ಎಂಬತ್ತೊಂದನೆಯ ಗರಿ

“ಗುರುಗಳೇ, ಮೊದಲ ಕಾದಂಬರಿಗೆ ಎಂಥ ಗುರಿ ಇಟ್ಟುಕೊಳ್ಳಬೇಕು?” ಎಂದು ಹೈಮವತಿ ಕೇಳಿದಳು.

ಅವಳು ಕಾಲೇಜಿನಲ್ಲಿ ಓದುತ್ತಿದ್ದಳು. ಭಾನುವಾರ ಬೆಳಿಗ್ಗೆ ಗುರುಗಳ ಬಳಿ ಹಳಗನ್ನಡ ಕಲಿಯಲು ಬರುತ್ತಿದ್ದಳು. ಎಲ್ಲೂ ಇಲ್ಲದ ಒಂದು ಲೋಕವನ್ನು ಕಟ್ಟಿ ಫ್ಯಾಂಟಸಿ ಕಾದಂಬರಿ ಬರೆಯಬೇಕೆಂಬುದು ಅವಳ ಆಸೆ. ಆ ದಿನ ತನ್ನ ಗುರಿಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದಳು. ದೀಪಾವಳಿಯೊಳಗೆ ನಾನೂರು ಪುಟ ಮುಗಿಯಬೇಕು. ಹೆಸರಾಂತ ಪ್ರಕಾಶಕರು ಒಪ್ಪಬೇಕು. ಹೊಸ ಬರಹಗಾರರಿಗೆ ಕೊಡುವ ಬಹುಮಾನ ಬರಬೇಕು. ‘ಇದೆಲ್ಲ ಮಕ್ಕಳಾಟ, ಮೊದಲು ಪಕ್ಕದ ಮನೆಯವರ ಕತೆ ಬರೆಯುವುದನ್ನು ಕಲಿ’ ಎಂದಿದ್ದ ಅಧ್ಯಾಪಕರು ಓದಿ ಮೆಚ್ಚಬೇಕು.

ಗುರುಗಳು ಹಾಳೆಯನ್ನು ಓದಿ, ಮಡಿಚಿ, ಅವಳಿಗೇ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಮಠದಲ್ಲಿ ಒಬ್ಬ ಲಿಪಿಕಾರನಿದ್ದ. ಹಳೆಯ ಗ್ರಂಥಗಳನ್ನು ನೋಡಿಕೊಂಡು ಹೊಸ ತಾಳೆಗರಿಗೆ ಇಳಿಸುವುದು ಅವನ ಕೆಲಸ. ಹದಿನೆಂಟು ವರ್ಷ ಅವನು ಬೇರೆಯವರ ಮಾತುಗಳನ್ನೇ ಬರೆದ. ಅವನ ಅಕ್ಷರ ದುಂಡಗಿತ್ತು. ಬರಹದಲ್ಲಿ ತಪ್ಪಿರುತ್ತಿರಲಿಲ್ಲ.

ಬರೆಯುತ್ತ ಬರೆಯುತ್ತ ಅವನ ತಲೆಯಲ್ಲಿ ಒಂದು ದೇಶ ಹುಟ್ಟಿಕೊಂಡಿತು. ಆ ದೇಶದಲ್ಲಿ ನದಿಗಳು ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತಿದ್ದವು. ತುದಿ ಮುಟ್ಟಿದ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದನ್ನು ಕಂಡು ಬರುತ್ತೇನೆಂದು ದೋಣಿ ನಡೆಸುವ ಹೆಣ್ಣೊಬ್ಬಳು ಹೊರಟಳು.

ಇದನ್ನು ಕಾವ್ಯವಾಗಿ ಬರೆಯಬೇಕೆಂದು ಲಿಪಿಕಾರ ನಿಶ್ಚಯಿಸಿದ. ಅವನೂ ನಿನ್ನ ಹಾಗೆಯೇ ಗುರಿಗಳನ್ನು ಇಟ್ಟುಕೊಂಡ. ಸಾವಿರ ಪದ್ಯ ಆಗಬೇಕು, ಮಠದ ಗ್ರಂಥಭಂಡಾರದಲ್ಲಿ ಜಾಗ ಸಿಗಬೇಕು, ಪಂಡಿತರ ಸಭೆಯಲ್ಲಿ ಓದಬೇಕು, ಅರಸನಿಂದ ಚಿನ್ನದ ಕಡಗ ತೊಡಿಸಿಕೊಳ್ಳಬೇಕು.

ಮೊದಲು ಅವನು ಭಂಡಾರದ ಅಧಿಕಾರಿಯ ಬಳಿ ಹೋಗಿ ಗರಿ ಕೇಳಿದ.

“ಈ ಕತೆ ಯಾವ ಪುರಾಣದಲ್ಲಿದೆ?” ಎಂದ ಅಧಿಕಾರಿ.

“ಯಾವುದರಲ್ಲೂ ಇಲ್ಲ. ನಾನೇ ಕಟ್ಟಿದ್ದು.”

“ಇಲ್ಲದ ದೇಶಕ್ಕೆ ಮಠದ ಗರಿ ಯಾಕಯ್ಯ ಹಾಳು? ಹೋಗಿ ನಿನ್ನ ಕೆಲಸ ನೋಡು.”

ಲಿಪಿಕಾರ ತಾನೇ ತಾಳೆಮರ ಹತ್ತಿ ಗರಿ ಕಡಿದ. ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿದ. ಮಠದ ಕೆಲಸ ಮುಗಿದ ಮೇಲೆ, ಹೊತ್ತು ಮುಳುಗುವುದರೊಳಗೆ ದಿನಕ್ಕೊಂದು ಗರಿ ಬರೆಯತೊಡಗಿದ.

ಇಪ್ಪತ್ತು ಗರಿ ಆದಾಗ ಪಂಡಿತರಿಗೆ ಓದಿ ತೋರಿಸಿದ. ಅವರು ಐದು ಪದ್ಯ ಕೇಳಿದರು. ನೀರು ಮೇಲಕ್ಕೆ ಹರಿಯುವುದು ಶಾಸ್ತ್ರಕ್ಕೆ ವಿರುದ್ಧ, ಸಭೆಯಲ್ಲಿ ಇದನ್ನು ಓದಕೂಡದು ಎಂದರು. ಆ ವರ್ಷವೇ ಗಡಿಯಲ್ಲಿ ಯುದ್ಧವಾಯಿತು. ಹೋದ ಅರಸ ಹಿಂದಿರುಗಲಿಲ್ಲ. ಅವನ ಜಾಗಕ್ಕೆ ಬಂದ ಹೊಸ ಅರಸನಿಗೆ ಕುದುರೆಗಳ ಹುಚ್ಚು, ಕಾವ್ಯ ಬೇಕಿರಲಿಲ್ಲ.

ಲಿಪಿಕಾರ ಮೂರು ದಿನ ಏನೂ ಬರೆಯಲಿಲ್ಲ. ಊಟ ಸೇರಲಿಲ್ಲ. ಜತೆಯವರು ಎದುರಾದರೆ ನಾಚಿ ತಲೆ ತಗ್ಗಿಸಿದ. ನಾಲ್ಕನೆಯ ದಿನ ಅವನಿಗೆ ಸಿಟ್ಟು ಬಂತು. ಜಾಗ ಅಧಿಕಾರಿಯ ಕೈಯಲ್ಲಿತ್ತು, ಸಭೆ ಪಂಡಿತರ ಕೈಯಲ್ಲಿತ್ತು, ಕಡಗ ಅರಸನ ಕೈಯಲ್ಲಿತ್ತು. ಕೊಡಲಿಲ್ಲ, ಸರಿ. ದೋಣಿಯ ಹೆಣ್ಣು ಮಾತ್ರ ಇನ್ನೂ ಬೆಟ್ಟದ ಬುಡದಲ್ಲೇ ನಿಂತಿದ್ದಳು. ಅವಳನ್ನು ಮೇಲಕ್ಕೆ ಹತ್ತಿಸುವವರು ಬೇರೆ ಯಾರೂ ಇರಲಿಲ್ಲ. ಅವನು ಮತ್ತೆ ಗರಿ ಹಿಡಿದು ಕುಳಿತ. ಎಂಬತ್ತು ಗರಿ ಆದವು.

ಹುಳು ತಿಂದ ಹಳೆಯ ಗ್ರಂಥಗಳನ್ನು ವರ್ಷಕ್ಕೊಮ್ಮೆ ಹೊಳೆಯಲ್ಲಿ ಬಿಡುವುದು ಆ ಮಠದ ವಾಡಿಕೆ. ಆ ಸಲ ಅಧಿಕಾರಿ, ಲಿಪಿಕಾರ ಮಠದಲ್ಲೇ ಕಟ್ಟಿಟ್ಟಿದ್ದ ಎಂಬತ್ತು ಗರಿಗಳನ್ನೂ ಆ ರಾಶಿಗೆ ಹಾಕಿಸಿದ. ಕಟ್ಟುಗಳು ಒಂದೊಂದಾಗಿ ನೀರಿಗೆ ಬೀಳುತ್ತಿರುವಾಗ ದಡದಲ್ಲಿ ನಿಂತಿದ್ದ ಲಿಪಿಕಾರನಿಗೆ ತನ್ನ ಕೈಬರಹ ಕಂಡಿತು. ದಾರ ಬಿಚ್ಚಿಹೋಗಿ ಗರಿಗಳು ಚದುರಿ ತೇಲುತ್ತಿದ್ದವು.

ಅವನು ಉಟ್ಟ ಬಟ್ಟೆಯಲ್ಲೇ ಹೊಳೆಗೆ ಹಾರಿದ. ಎದೆಮಟ್ಟದ ನೀರಿನಲ್ಲಿ ಮಧ್ಯಾಹ್ನದವರೆಗೆ ಹುಡುಕಿದ. ಮೂವತ್ತನಾಲ್ಕು ಗರಿ ಸಿಕ್ಕವು. ಉಳಿದವು ಹರಿದುಹೋದವು. ದಡದಲ್ಲಿದ್ದವರು ನಕ್ಕರು. ನಿನ್ನ ಹೊಳೆಯಾದರೆ ಮೇಲಕ್ಕೆ ಹರಿದು ವಾಪಸು ತಂದುಕೊಡುತ್ತಿತ್ತು ಎಂದು ಒಬ್ಬ ಕೂಗಿದ.

ಲಿಪಿಕಾರ ದಡ ಹತ್ತಿದ. ಸಿಕ್ಕ ಗರಿಗಳನ್ನು ಮರಳಿನ ಮೇಲೆ ಹರವಿದ. ಕೊರೆದ ಅಕ್ಷರ ನೀರಿಗೆ ಅಳಿಯುವುದಿಲ್ಲ, ಅವು ಹಾಗೆಯೇ ಇದ್ದವು. ಮನೆಗೆ ಹೋಗಿ ಒಂದು ಖಾಲಿ ಗರಿ ತಂದ. ಒದ್ದೆ ಬಟ್ಟೆಯಲ್ಲೇ ಅಲ್ಲಿ ಕುಳಿತು ಬರೆಯತೊಡಗಿದ. ಅಧಿಕಾರಿ ಹತ್ತಿರ ಬಂದ.

“ಅರ್ಧಕ್ಕರ್ಧ ಕೊಚ್ಚಿಕೊಂಡು ಹೋಯಿತಲ್ಲ, ಈಗ ಇನ್ನೇನು ಬರೆಯುತ್ತೀಯ?”

“ಇವತ್ತಿನದು” ಎಂದ ಲಿಪಿಕಾರ. ತಲೆ ಎತ್ತಲಿಲ್ಲ.

“ನಾಳೆಯಿಂದ ಮಠಕ್ಕೆ ಬರಬೇಡ.”

“ಬರುವುದಿಲ್ಲ.”

ಅದು ಎಂಬತ್ತೊಂದನೆಯ ಗರಿ.

ಅಲ್ಲಿಂದ ಮುಂದೆ ಅವನು ದೋಣಿಕಟ್ಟೆಯಲ್ಲಿ ಕುಳಿತು ಬಂದುಹೋಗುವವರಿಗೆ ಓಲೆ ಬರೆದುಕೊಟ್ಟು ಹೊಟ್ಟೆ ಹೊರೆದ. ಕಳೆದುಹೋದ ಪದ್ಯಗಳಲ್ಲಿ ಕೆಲವು ನೆನಪಿಗೆ ಬಂದವು. ಕೆಲವು ಎಷ್ಟು ತಿಣುಕಿದರೂ ಬರಲಿಲ್ಲ, ಅವುಗಳ ಜಾಗದಲ್ಲಿ ಬೇರೆ ಬರೆದ. ಒಂದು ವರ್ಷವಾದ ಮೇಲೆ ದೋಣಿಯ ಹೆಣ್ಣು ತುದಿ ಮುಟ್ಟಿದಳು. ಎಣಿಸಿದರೆ ಆರುನೂರ ಹನ್ನೆರಡು ಪದ್ಯ. ಸಾವಿರ ಆಗಲಿಲ್ಲ. ಕತೆ ಅಲ್ಲಿಗೆ ಮುಗಿದಿತ್ತು, ಅವನು ನಿಲ್ಲಿಸಿದ.

ಕಟ್ಟೆಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದತೊಡಗಿದ. ಮೊದಲು ಅಂಬಿಗರು ಕೇಳಿದರು. ಆಮೇಲೆ ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ಕುಳಿತರು. ಒಬ್ಬ ಉಪ್ಪಿನ ವ್ಯಾಪಾರಿ ಮುಂದೇನಾಯಿತೆಂದು ತಿಳಿಯಲು ಎರಡು ದೋಣಿ ಬಿಟ್ಟು ಮೂರನೆಯದಕ್ಕೆ ಹೋದ. ಬೇರೆ ಊರಿನವರು ಪ್ರತಿ ಮಾಡಿಕೊಂಡು ಹೋದರು.

ಹತ್ತನೆಯ ವರ್ಷ ಭಂಡಾರದ ಅಧಿಕಾರಿಯೇ ದೋಣಿಕಟ್ಟೆಗೆ ಬಂದ. ಅವನಿಗೆ ವಯಸ್ಸಾಗಿತ್ತು.

“ಬಂದವರೆಲ್ಲ ನಿನ್ನ ಗ್ರಂಥ ಕೇಳುತ್ತಾರೆ. ಭಂಡಾರದಲ್ಲಿ ಇಡಬೇಕೆಂದು ಸ್ವಾಮಿಗಳು ಹೇಳಿದ್ದಾರೆ. ಎಲ್ಲ ಗ್ರಂಥಗಳಲ್ಲಿರುವಂತೆ ಕೊನೆಗೆ ಒಂದು ಸಾಲು ಬೇಕು. ಸ್ವಾಮಿಗಳ ಅಪ್ಪಣೆಯಂತೆ ಬರೆದುದು ಎಂದು ಸೇರಿಸಿಬಿಡು” ಎಂದ.

ಲಿಪಿಕಾರ ಆ ಭಂಡಾರದಲ್ಲಿ ಹದಿನೆಂಟು ವರ್ಷ ದುಡಿದಿದ್ದ. ಅಲ್ಲಿ ತನ್ನದೊಂದು ಕಟ್ಟು ಇರಬೇಕೆಂಬ ಆಸೆ ಅವನಲ್ಲಿ ಸತ್ತಿರಲಿಲ್ಲ. ಕೊನೆಯ ಗರಿ ತೆಗೆದುಕೊಂಡ. ‘ಯಾರ ಅಪ್ಪಣೆಯೂ ಇಲ್ಲದೆ ಬರೆದುದು’ ಎಂದು ಕೊರೆದು, ಮಸಿ ಸವರಿ, ಒರೆಸಿ, ಅಧಿಕಾರಿಯ ಮುಂದೆ ಹಿಡಿದ.

“ಹೀಗೆಯೇ ಇಡುವುದಾದರೆ ತೆಗೆದುಕೊಂಡು ಹೋಗಿ” ಎಂದ.

ಅಧಿಕಾರಿ ಅದನ್ನು ಎರಡು ಸಲ ಓದಿದ. ಕೈಗೆ ತೆಗೆದುಕೊಳ್ಳದೆ ಎದ್ದು ದೋಣಿ ಹತ್ತಿದ. ಲಿಪಿಕಾರ ಅವನನ್ನು ವಾಪಸು ಕರೆಯಲಿಲ್ಲ. ಕಟ್ಟೆಯ ಮೇಲೆ ಕಾದಿದ್ದವರಿಗೆ ಮುಂದಿನ ಪದ್ಯ ಓದಿದ.

ಗುರುಗಳು ಕತೆ ನಿಲ್ಲಿಸಿದರು. ಹೈಮವತಿಯ ಕಣ್ಣು ಹೊಳೆಯುತ್ತಿತ್ತು. ಅವಳು ಎದ್ದು ನಿಂತಳು.

“ತಿಳಿಯಿತು ಗುರುಗಳೇ. ದಿನಕ್ಕೊಂದು ಪುಟ, ಯಾರು ಏನೇ ಅಂದರೂ ಸರಿ. ತಾವೊಮ್ಮೆ ಅಪ್ಪಣೆ ಕೊಟ್ಟರೆ ನಾಳೆಯೇ ಶುರುಮಾಡುತ್ತೇನೆ” ಎಂದು ಕೈಮುಗಿದಳು.

“ಕೊಡದಿದ್ದರೆ?” ಎಂದರು ಗುರುಗಳು.