ಒಡಕು ದನಿಯ ಕರು

“ಅಯ್ಯನವರೇ, ಈ ಹುಡುಗರಿಗೆ ಪ್ರಾರ್ಥನೆ ಮಾಡೋದನ್ನ ಕಲಿಸೋದಾದ್ರೂ ಹೇಗೆ?” ಎಂದು ಲಿಡಿಯಾ ಕೇಳಿದಳು. ಕೇಳಿದ ಧಾಟಿ ಪ್ರಶ್ನೆಯದಾಗಿರಲಿಲ್ಲ, ಜಗಳದ್ದಾಗಿತ್ತು.

ಜಗಳಕ್ಕೆ ಕಾರಣವಿತ್ತು. ಆರು ವರ್ಷದಿಂದ ಅವಳು ಚರ್ಚಿನ ಯುವಜನರ ಕೂಟ ನಡೆಸುತ್ತಿದ್ದಳು. ಮೊದಲು ಸ್ತೋತ್ರ, ಆಮೇಲೆ ಪಾಪದ ಅರಿಕೆ, ಆಮೇಲೆ ಕೃತಜ್ಞತೆ, ಕಡೆಗೆ ಬಿನ್ನಹ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಕೈ ಸೋತಿತ್ತು. ಈಗ ಯಾರಾದರೂ ಪ್ರಾರ್ಥನೆ ಮಾಡಿ ಎಂದರೆ ಹದಿನಾಲ್ಕು ಜನರೂ ಕಾಲ್ಬೆರಳು ನೋಡಿಕೊಂಡು ಕೂರುತ್ತಿದ್ದರು. ತಿಂಗಳ ಹಿಂದೆ ಕರುಣಾ ಎಂಬ ಹುಡುಗಿ ಅಪರೂಪಕ್ಕೆ ಬಾಯಿ ತೆರೆದಿದ್ದಳು. ಅವಳೂ ಕೂಟಕ್ಕೆ ಬರುವುದನ್ನೇ ಬಿಟ್ಟಳು. ಹೀಗೇ ಆದರೆ ಕೂಟವನ್ನು ಮುಚ್ಚುವುದೊಂದೇ ಬಾಕಿ.

“ಅವಳದೂ ಒಂದು ಪ್ರಾರ್ಥನೆಯಾ? ಸ್ತೋತ್ರ ಇಲ್ಲ, ಏನಿಲ್ಲ, ಕಣ್ಣು ಮುಚ್ಚಿದವಳೇ ನೇರವಾಗಿ ಕೇಳೋಕೆ ಶುರು ಮಾಡಿದ್ಲು. ದೇವರಿಗೆ ‘ನೀನು’ ಅನ್ನೋದು ಬಿಟ್ಟು ‘ನೀವು’ ಅಂದ್ಲು. ಮಾತುಮಾತಿಗೂ ‘ಪ್ಲೀಸ್’ ಬೇರೆ. ನಾನು ನಡುವೆಯೇ ನಿಲ್ಲಿಸಿ, ಮೊದಲಿಂದ ಸರಿಯಾಗಿ ಮಾಡಮ್ಮ ಅಂದೆ. ತಪ್ಪಾ?”

ಜಯಶೀಲ ಅಯ್ಯನವರು ನಿವೃತ್ತ ಸಭಾಪಾಲಕರು. ಲಿಡಿಯಾಳಿಗೆ ಚಿಕ್ಕಂದಿನಲ್ಲಿ ಪ್ರಾರ್ಥನೆ ಕಲಿಸಿದವರೂ ಅವರೇ. ಅವರು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಒಂದು ಕತೆ ಶುರುಮಾಡಿದರು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಬಾರದೇ ಎಂದು ಲಿಡಿಯಾಳಿಗೆ ಮೈಯೆಲ್ಲ ಉರಿಯಿತು. ಆದರೂ ಕೂತು ಕೇಳಿದಳು.

ಒಬ್ಬ ರೈತನಿಗೆ ಒಂದು ಹಸುವಿತ್ತು. ಕರು ಕೂಗಿದರೆ ಮಾತ್ರ ಅದು ಹಾಲು ಇಳಿಸುತ್ತಿತ್ತು. ಕರುವಿನದು ಒಡಕು ದನಿ. ನೆರೆಯವರು ಕೇಳಿ ನಕ್ಕರು. ರೈತನಿಗೆ ನಾಚಿಕೆಯಾಗಿ, ಇದಕ್ಕೆ ಕೂಗುವುದನ್ನು ಕಲಿಸಿಯೇ ತೀರುತ್ತೇನೆಂದು ಹಟ ಹಿಡಿದ. ಬೆಳಗಾಗೆದ್ದು ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ‘ಅಂಬಾ’ ಎಂದು ಕೂಗಿ ತೋರಿಸಿದ. ಕರು ತನಗೆ ಬಂದ ಹಾಗೆ ಅರಚಿತು. ಅರಚಿದಾಗಲೆಲ್ಲ ಮೂತಿಗೊಂದು ಏಟು ಕೊಟ್ಟ. ಕೊನೆಗೆ ರೋಸಿಹೋಗಿ, ಸರಿಯಾಗಿ ಕೂಗುವುದು ಬರುವ ತನಕ ಕೂಗುವುದೇ ಬೇಡವೆಂದು ಮೂತಿಗೆ ಹಗ್ಗ ಬಿಗಿದ.

ಹಾಲು ಕರೆಯುವ ಹೊತ್ತಿಗೆ ಕರುವಿನ ಬದಲು ತಾನೇ ಇಂಪಾಗಿ ಕೂಗಿದ. ಹಸು ತಿರುಗಿ ಅವನನ್ನೊಮ್ಮೆ ನೋಡಿ ತಂಬಿಗೆಯನ್ನು ಒದ್ದಿತು. ಮಾರನೆಯ ದಿನ ಕೆಚ್ಚಲು ಕಲ್ಲಿನಂತಾಯಿತು. ರೈತ ಗಾಬರಿಯಿಂದ ಹೋಗಿ, ದನಗಳ ಕಾಯಿಲೆ ಬಲ್ಲ ದನದ ವ್ಯಾಪಾರಿಯೊಬ್ಬನನ್ನು ಕರೆತಂದ.

“ಈ ಕರುವಿಗೆ ಏನೋ ಕಾಯಿಲೆ ಕಣಯ್ಯ. ಎಷ್ಟು ಹೇಳಿಕೊಟ್ರೂ ಬಾಯೇ ಬಿಡ್ತಿಲ್ಲ.”

ವ್ಯಾಪಾರಿ ಕರುವನ್ನು ನೋಡಿದ, ರೈತನನ್ನೂ ನೋಡಿದ. “ಮೊದಲು ಹಗ್ಗ ಬಿಚ್ಚು ಮಾರಾಯ,” ಎಂದ.

ಹಗ್ಗ ಬಿಚ್ಚಿದೊಡನೆ ಕರು ಅದೇ ಒಡಕು ದನಿಯಲ್ಲಿ ಕೂಗಿತು. ರೈತ ತಂಬಿಗೆ ಹುಡುಕಿ ತರುವಷ್ಟರಲ್ಲಿ ಹಸುವಿನ ಹಾಲು ನೆಲಕ್ಕೆ ಸುರಿಯುತ್ತಿತ್ತು.

ಅಯ್ಯನವರು ಕತೆ ನಿಲ್ಲಿಸಿದರು. ಲಿಡಿಯಾಳ ಸಿಟ್ಟು ಇಳಿದಿರಲಿಲ್ಲ. “ಹಗ್ಗ ಕಟ್ಟಿದವಳು ನಾನೇ ಅಂತ ತಾನೇ ನೀವು ಹೇಳೋದು? ಹಾಗಾದ್ರೆ ಎಲ್ಲರೂ ಬಾಯಿಗೆ ಬಂದ ಹಾಗೆ ಪ್ರಾರ್ಥನೆ ಮಾಡಲಿ ಅಂತ ಕೈ ಕಟ್ಟಿ ಕೂತಿರಬೇಕಾ?”

“ಅದಿರಲಿ,” ಎಂದರು ಅಯ್ಯನವರು, “ಆ ಹುಡುಗಿ ದೇವರ ಹತ್ತಿರ ಏನು ಕೇಳ್ತಿದ್ಲು?”

ಲಿಡಿಯಾ ಎಷ್ಟು ಯೋಚಿಸಿದರೂ ಅದು ನೆನಪಿಗೆ ಬರಲಿಲ್ಲ.