ಒಂಬತ್ತನೆಯ ಚಿತ್ರ

"ವ್ಯರ್ಥವಾಗಿ ಕಾಲ ಕಳೆಯುವವನನ್ನು ತಡೆದು ಬುದ್ಧಿ ಹೇಳುವುದು ತಪ್ಪೇ, ಗುರುಗಳೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

"ಯಾರಪ್ಪಾ ಆ ಪುಣ್ಯಾತ್ಮ?" ಎಂದರು ಗುರುಗಳು.

"ನಮ್ಮಣ್ಣ. ಕೆಲಸ ಮುಗಿಸಿ ಬಂದವನೇ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಏನೋ ಗೊಂಬೆ ಬರೆಯುತ್ತಾನೆ, ಅದನ್ನು ಕುಣಿಸುತ್ತಾನೆ. ಮೂರು ವರ್ಷದಿಂದ ಇದೇ ಆಟ. ಈ ಸಲ ಊರಿಗೆ ಹೋದಾಗ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿಸಿಯೇ ಬರುತ್ತೇನೆ."

"ಭಲೆ. ಹಾಕಿಸುವುದಕ್ಕೆ ಮುಂಚೆ ಒಂದು ಕತೆ ಕೇಳಿಕೊಂಡು ಹೋಗು," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನಿಗೆ ಹಳೆಯ ಕಾಲದ ವಿಡಿಯೋ ಗೇಮುಗಳೆಂದರೆ ಪ್ರಾಣ. ಯಾರೋ ಎಸೆದಿದ್ದ ಕಂಪ್ಯೂಟರನ್ನು ತಂದು, ತಾನೇ ಬಿಚ್ಚಿ ಜೋಡಿಸಿ ಓಡುವಂತೆ ಮಾಡಿದ್ದ. ಸಂಜೆ ಗಿರಣಿ ನಿಲ್ಲಿಸಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಅದರ ಮುಂದೆ ಕೂರುತ್ತಿದ್ದ. ಆಡಿ ಆಡಿ ಸಾಕಾದ ಮೇಲೆ, ತಾನೇ ಒಂದು ಆಟ ಕಟ್ಟಬೇಕೆಂಬ ಆಸೆ ಹುಟ್ಟಿತು. ಹೆಂಗಸೊಬ್ಬಳು ದೋಸೆ ಹುಯ್ಯುವ ಆಟ. ನೆರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡು, ನಗುವುದಕ್ಕೂ ಏನಾದರೂ ಬೇಕಲ್ಲ.

ಅವನು ಹೆಂಡತಿ ದೋಸೆ ಹುಯ್ಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಸೌಟು ಕಾವಲಿಯ ನಡುವೆ ಇಳಿದು ಒಂದು ಸುತ್ತು ಬರುವುದನ್ನು ಹನ್ನೆರಡು ಚಿತ್ರಗಳಾಗಿ, ಸಣ್ಣ ಸಣ್ಣ ಚೌಕಗಳಲ್ಲಿ ಬರೆದ. ಒಂದರ ಹಿಂದೆ ಒಂದನ್ನು ಓಡಿಸಿದರೆ ಕೈ ಆಡಬೇಕು. ಆಡಿತು. ಆದರೆ ಒಂಬತ್ತನೆಯ ಚಿತ್ರಕ್ಕೆ ಬಂದಾಗ ಗಕ್ಕನೆ ನಿಂತು ಮುಂದೆ ಹೋಯಿತು.

ಒಂದೇ ಚಿತ್ರವನ್ನು ಎರಡು ಸಲ ಬರೆದುಬಿಟ್ಟಿದ್ದೇನೆ ಎಂದುಕೊಂಡ. ಆ ಕಸುಬಿನಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಒಂಬತ್ತನೆಯದನ್ನು ಅಳಿಸಿ, ಕೈಯನ್ನು ತುಸು ಮುಂದೆ ಸರಿಸಿ ಬರೆದ. ಈಗ ಸೌಟು ನುಣ್ಣಗೆ ಸುತ್ತಿತು. ಆದರೆ ಅದು ಅವಳ ಕೈಯಾಗಿರಲಿಲ್ಲ, ಬೇರೆ ಯಾರದೋ ಆಗಿತ್ತು. ಮತ್ತೆ ಅಳಿಸಿದ, ಮತ್ತೆ ಬರೆದ. ಹೀಗೆ ಎಂಟು ದಿನ ತಿದ್ದಿದ.

ಒಂಬತ್ತನೆಯ ದಿನ ಬೇಸತ್ತು ಮೊಬೈಲಿನ ವಿಡಿಯೋವನ್ನೇ ನಿಧಾನವಾಗಿ ಓಡಿಸಿ ನೋಡಿದ. ಅವನು ತಪ್ಪು ಬರೆದಿರಲಿಲ್ಲ. ಸೌಟು ಅವಳ ಕಡೆಗೆ ತಿರುಗುವ ಜಾಗದಲ್ಲಿ ಕೈ ನಿಲ್ಲುತ್ತಿತ್ತು. ಅಲ್ಲಿ ಹಿಟ್ಟು ದಪ್ಪಗೆ ಕೂತಿತ್ತು. ಹಿಂದೆಲ್ಲ ತಟ್ಟೆಗೆ ಅಗಲವಾಗಿ ಬೀಳುತ್ತಿದ್ದ ದೋಸೆ ಕೆಲವು ತಿಂಗಳಿಂದ ಮಡಿಸಿಕೊಂಡೇ ಬರುತ್ತಿದ್ದುದು ಅವನಿಗೆ ಆಗ ನೆನಪಾಯಿತು. ದಪ್ಪಗಾದ ಮಗ್ಗುಲು ಮಡಿಕೆಯ ಒಳಗಿರುತ್ತಿತ್ತು. ಇಷ್ಟು ದಿನ ಅದನ್ನೇ ತಿಂದು ಕೈ ತೊಳೆದು ಹೋಗಿದ್ದ.

ಎದ್ದು ಅಡುಗೆಮನೆಗೆ ಹೋದ. "ನಿನ್ ಕೈ ನೋಯ್ತಿದ್ಯಾ?" ಎಂದು ಕೇಳಿದ.

ಅವಳು ಕೈಯನ್ನು ಸೆರಗಿನ ಕೆಳಗೆ ಸರಿಸಿಕೊಂಡಳು. "ಯಾರಂದ್ರು ನಿಮ್ಗೆ?"

"ನಾನು ಬರೆದ ಗೊಂಬೆ."

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ದಿನಾ ಆ ಧೂಳಲ್ಲಿ ನಿಂತು ಸಾಕಾಗಿ ಬರ್ತೀರ. ನಿಮ್ ಮುಂದೆ ನನ್ ಕೈನೋವು ಹೇಳ್ಕೊಂಡು ಕೂತ್ಕೊಳ್ಲಾ?" ಎಂದಳು.

ಮರುದಿನ ಗಿರಣಿಯ ಬಾಗಿಲು ತೆರೆಯಲಿಲ್ಲ. ಅವಳ ಮಣಿಕಟ್ಟನ್ನು ನೋಡಿದ ವೈದ್ಯರು, ಇನ್ನೊಂದೆರಡು ತಿಂಗಳು ಬಿಟ್ಟಿದ್ದರೆ ಆ ಕೈಯಲ್ಲಿ ಲೋಟ ಹಿಡಿಯುವುದೂ ಕಷ್ಟವಾಗುತ್ತಿತ್ತು ಎಂದು ಗದರಿದರು. ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚುವವರೆಗೆ ಮನೆಯಲ್ಲಿ ದೋಸೆ ಹುಯ್ದವನು ಅವನೇ. ಒಂದೂ ದುಂಡಗೆ ಬರಲಿಲ್ಲ. ಅವಳು ಮಣೆಯ ಮೇಲೆ ಕೂತು ನಕ್ಕು ನಕ್ಕು ತಿಂದಳು. ಕೈ ವಾಸಿಯಾಗಿ ಅವಳ ಸೌಟು ಎಲ್ಲೂ ನಿಲ್ಲದೆ ಸುತ್ತತೊಡಗಿದ ಮೇಲೆ ಹನ್ನೆರಡು ಚಿತ್ರಗಳನ್ನೂ ಅಳಿಸಿ ಮೊದಲಿನಿಂದ ಬರೆಯಬೇಕಾಯಿತು. ಅವನು ಒಂದು ಮಾತೂ ಗೊಣಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಗಿರಣಿಯವನ ಮಾತು ಬೇರೆ, ಗುರುಗಳೇ. ಅವನು ಹೆಂಡತಿಯ ಕೈಯನ್ನು ಬರೆಯುತ್ತಿದ್ದ," ಎಂದ ಮರುಳಸಿದ್ಧ.

"ಹೌದು. ನಿಮ್ಮಣ್ಣ ಮೂರು ವರ್ಷದಿಂದ ಯಾರನ್ನು ಬರೆಯುತ್ತಿದ್ದಾನೆ?" ಎಂದರು ಗುರುಗಳು.

"ನಾನು ಒಂದು ಸಲವೂ ಬಗ್ಗಿ ನೋಡಿಲ್ಲ, ಗುರುಗಳೇ," ಎಂದ ಮರುಳಸಿದ್ಧ.