ಕಲ್ಲಿನಂತೆ ಕುಳಿತ ಮೀನು

“ಗುರುಗಳೇ, ಕೇಡೆಂದು ಕಣ್ಣಾರೆ ಕಂಡ ಮೇಲೂ ಮನುಷ್ಯ ಅದನ್ನು ಮನೆಯಿಂದ ಹೊರಹಾಕುವುದಿಲ್ಲವೇಕೆ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಕಡಲ ತಡಿಯ ಊರಿನಲ್ಲಿ ಒಬ್ಬ ವರ್ತಕನಿದ್ದನು. ಅವನ ಹೆಂಡತಿ ಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇರಿಸಿ, ಉಪ್ಪುನೀರು ತುಂಬಿಸಿ, ಬಣ್ಣದ ಮೀನುಗಳನ್ನು ಸಾಕಿದ್ದಳು. ಅವಳು ತೀರಿಕೊಂಡ ಮೇಲೆ ವರ್ತಕನು ಅಂಗಡಿಯನ್ನು ಮರೆತನು. ದಿನವಿಡೀ ತೊಟ್ಟಿಯ ಮುಂದೆಯೇ ಕೂರುತ್ತಿದ್ದನು. ಅವನನ್ನು ಕಂಡರೆ ಮೀನುಗಳೆಲ್ಲ ಗಾಜಿನ ಹತ್ತಿರ ಬರುತ್ತಿದ್ದವು. ಅವನಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಮೀನುಗಾರನೊಬ್ಬನು ಬಲೆಗೆ ಬಿದ್ದ ವಿಚಿತ್ರ ಮೀನನ್ನು ತಂದನು. ಅದು ಕಪ್ಪೆಯ ಹಾಗಿತ್ತು. ಪಾಚಿ ಹಿಡಿದ ಕಲ್ಲಿನ ಹಾಗೂ ಇತ್ತು. ಈಜುತ್ತಿರಲಿಲ್ಲ. ರೆಕ್ಕೆಗಳನ್ನು ಕಾಲಿನಂತೆ ಊರಿ ಸುಮ್ಮನೆ ಕುಳಿತಿತ್ತು.

“ಧಣಿ, ಇದನ್ನು ಬೇರೆಯೇ ಇಡಿ. ಇದರ ಬಾಯಿ ಒಳ್ಳೆಯದಲ್ಲ” ಎಂದನು ಮೀನುಗಾರ.

“ಕೂತಲ್ಲಿಂದ ಅಲ್ಲಾಡದ್ದು ಯಾರಿಗೇನು ಮಾಡೀತು?” ಎಂದು ವರ್ತಕನು ಅದನ್ನು ಹೆಂಡತಿಯ ತೊಟ್ಟಿಗೇ ಬಿಟ್ಟನು.

ವಾರದೊಳಗೆ ಮೂರು ಮೀನುಗಳು ಕಾಣೆಯಾದವು. ವರ್ತಕನು ಕಲ್ಲುಗಳನ್ನು ಎತ್ತಿ ಹುಡುಕಿದನು, ಸಿಗಲಿಲ್ಲ. ಮನೆಗೆಲಸದವಳ ಮೇಲೆ ಅವನ ಅನುಮಾನ ಹೋಯಿತು. ಸೋಪಿನ ಕೈ ನೀರಿಗೆ ಹಾಕಿದ್ದಾಳೆ, ಸತ್ತವನ್ನು ಗುಟ್ಟಾಗಿ ಎಸೆದಿದ್ದಾಳೆ ಎಂದುಕೊಂಡನು. “ಅಮ್ಮನವರು ಸಾಕಿದ್ದನ್ನು ನಾನು ಕೊಲ್ಲುತ್ತೇನೆಯೇ?” ಎಂದು ಅವಳು ಅತ್ತಳು. ಇಪ್ಪತ್ತು ವರ್ಷ ಆ ಮನೆಯಲ್ಲಿ ದುಡಿದವಳನ್ನು ಅವನು ಅಂದೇ ಬಿಡಿಸಿದನು.

ಅವಳು ಹೋದ ಮೇಲೂ ಮೀನುಗಳು ಕಡಿಮೆಯಾಗುತ್ತಲೇ ಇದ್ದವು. ಒಂದು ಮಧ್ಯಾಹ್ನ ಅವನು ಕಣ್ಣಾರೆ ಕಂಡನು. ಕಲ್ಲಿನಂತಿದ್ದ ಮೀನಿನ ಹಣೆಯಿಂದ ಚಾಚಿದ್ದ ಎಳೆಯೊಂದು ಹುಳುವಿನಂತೆ ಅಲುಗಿತು. ಕಿತ್ತಳೆ ಬಣ್ಣದ ಮೀನೊಂದು ಅದನ್ನು ತಿನ್ನಲು ಬಂದಿತು. ಕಲ್ಲಿನ ಬಾಯಿ ತೆರೆದದ್ದೂ ಮುಚ್ಚಿದ್ದೂ ಗೊತ್ತಾಗಲಿಲ್ಲ. ಕಿತ್ತಳೆ ಮೀನು ಇರಲಿಲ್ಲ. ಕಲ್ಲು ಮತ್ತೆ ಕಲ್ಲಾಯಿತು.

ಕೆಲಸದವಳನ್ನು ಕರೆಸಬೇಕೆಂದುಕೊಂಡನು, ಆದರೆ ಯಾವ ಮುಖ ಇಟ್ಟುಕೊಂಡು ಕರೆಸುವುದು? ಆ ಮೀನನ್ನಾದರೂ ತೆಗೆದುಬಿಡೋಣವೆಂದು ಕೈಬಲೆ ಹಿಡಿದು ಬಂದನು. ಉಳಿದಿದ್ದ ಎರಡು ಮೀನುಗಳು ಹೆದರಿ ಸಂದಿ ಸೇರಿದ್ದವು. ಅವನನ್ನು ಕಂಡು ಮೆಲ್ಲನೆ ನಡೆದು ಗಾಜಿನ ಹತ್ತಿರ ಬಂದದ್ದು ಆ ಕಪ್ಪೆಮೀನು ಒಂದೇ. ವರ್ತಕನ ಕೈ ಏಳಲಿಲ್ಲ. “ನಾಳೆ ತೆಗೆಯೋಣ” ಎಂದುಕೊಂಡನು. ಮರುದಿನವೂ ಅದನ್ನೇ ಅಂದುಕೊಂಡನು.

ತಿಂಗಳು ಕಳೆದು ಮೀನುಗಾರನು ಬಂದಾಗ ತೊಟ್ಟಿಯಲ್ಲಿ ಅದೊಂದೇ ಇತ್ತು.

“ಕೊಡಿ ಧಣಿ, ಕಡಲಿಗೆ ಬಿಟ್ಟುಬರುತ್ತೇನೆ” ಎಂದನು.

ವರ್ತಕನು ತೊಟ್ಟಿಗೆ ಅಡ್ಡ ನಿಂತನು. “ಬೇಡ. ಅದು ಹಸಿದಿದೆ. ನಾಳೆಯಿಂದ ಜೀವಂತ ಮೀನು ತಂದುಕೊಡು” ಎಂದನು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ ಕೇಳಿದನು: “ಅದು ಎಲ್ಲವನ್ನೂ ತಿಂದಾಗಿತ್ತು. ಆಗಲಾದರೂ ಕೊಟ್ಟುಬಿಡಬಹುದಿತ್ತಲ್ಲ?”

“ಕೊಟ್ಟಿದ್ದರೆ, ಬರಿದಾದ ತೊಟ್ಟಿಯ ಮುಂದೆ ಕೂತು, ಕಳೆದುಕೊಂಡದ್ದಕ್ಕೆಲ್ಲ ಅವನು ಅಳಬೇಕಾಗುತ್ತಿತ್ತು” ಎಂದರು ಗುರುಗಳು.